ವಿಲೋಮ ಮಾತೃಕೆಯಿಂದ ರೇಖಾತ್ಮಕ ಸಮೀಕರಣಗಳ ಪರಿಹಾರ

ವಿಲೋಮ ಮಾತೃಕೆಯ ವಿಧಾನವು ಎರಡು ಅಥವಾ ಹೆಚ್ಚು ಅಜ್ಞಾತಗಳುಳ್ಳ ರೇಖಾತ್ಮಕ ಸಮೀಕರಣಗಳನ್ನು ಒಟ್ಟಾಗಿ ಬಿಡಿಸುವ ಬೀಜಗಣಿತದ ಒಂದು ಕ್ರಮ. ಸಮೀಕರಣಗಳ ಸಂಖ್ಯೆ ಅಜ್ಞಾತಗಳ ಸಂಖ್ಯೆಗೆ ಸಮವಾಗಿದ್ದು, ಸಹಗುಣಕಗಳ ಮಾತೃಕೆಗೆ ವಿಲೋಮವಿದ್ದಾಗ ಮಾತ್ರ ಇದು ಅನ್ವಯಿಸುತ್ತದೆ. ಕರ್ನಾಟಕದ ದ್ವಿತೀಯ ಪಿಯುಸಿ ಗಣಿತದಲ್ಲಿ ಮಾತೃಕೆ ಮತ್ತು ನಿರ್ಧಾರಕಗಳ ಭಾಗವಾಗಿ ಇದನ್ನು ಕಲಿಸಲಾಗುತ್ತದೆ.

ತತ್ತ್ವ

ಸಹಗುಣಕಗಳ ಚೌಕ ಮಾತೃಕೆಯನ್ನು ಮ, ಅಜ್ಞಾತಗಳ ಕಂಬಸಾಲನ್ನು ಚ, ಅಚರ ಪದಗಳ ಕಂಬಸಾಲನ್ನು ಫ ಎಂದು ಸೂಚಿಸಿದರೆ, ಸಮೀಕರಣಗಳೆಲ್ಲವೂ ಒಂದೇ ವಾಕ್ಯದಲ್ಲಿ ಅಡಗುತ್ತವೆ:

ಮ ಚ = ಫ

ಮ ಮಾತೃಕೆಯೊಡನೆ ಗುಣಿಸಿದಾಗ ಏಕಮಾನ ಮಾತೃಕೆಯನ್ನು ಕೊಡುವ ಮಾತೃಕೆಯೇ ಅದರ ವಿಲೋಮ, ಮ⁻¹. ಇದರಿಂದ ಎರಡೂ ಬದಿಗಳನ್ನು ಎಡಗಡೆಯಿಂದ ಗುಣಿಸಿದಾಗ ಚ = ಮ⁻¹ ಫ ಎಂದಾಗುತ್ತದೆ. ಮಾತೃಕೆಗಳ ಗುಣಾಕಾರದಲ್ಲಿ ಕ್ರಮ ಮುಖ್ಯವಾದುದರಿಂದ ಫ ಮ⁻¹ ಎಂದು ಬರೆಯುವುದು ತಪ್ಪು.

ಮಹಾವೀರಾಚಾರ್ಯನ ಉದಾಹರಣೆ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದ ಮಿಶ್ರಕ ವ್ಯವಹಾರದಲ್ಲಿ ಇಂಥದೊಂದು ಲೆಕ್ಕವಿದೆ. 9 ಮಾದಲಹಣ್ಣು ಮತ್ತು 7 ಬೇಲದ ಹಣ್ಣುಗಳ ಒಟ್ಟು ಬೆಲೆ 107; 7 ಮಾದಲಹಣ್ಣು ಮತ್ತು 9 ಬೇಲದ ಹಣ್ಣುಗಳ ಒಟ್ಟು ಬೆಲೆ 101. ಒಂದೊಂದು ಹಣ್ಣಿನ ಬೆಲೆ ಎಷ್ಟು?

ಮಾದಲಹಣ್ಣಿನ ಬೆಲೆ ಕ್ಷ, ಬೇಲದ ಹಣ್ಣಿನ ಬೆಲೆ ಯ ಆಗಿರಲಿ.

9ಕ್ಷ + 7ಯ = 107
7ಕ್ಷ + 9ಯ = 101

ನಿರ್ಧಾರಕ: 9 × 9 − 7 × 7 = 32. ಇದು ಸೊನ್ನೆಯಲ್ಲದ ಕಾರಣ ವಿಲೋಮವಿದೆ. ಎರಡು ಸಾಲಿನ ಚೌಕ ಮಾತೃಕೆಯ ವಿಲೋಮವನ್ನು ಪಡೆಯಲು ಮುಖ್ಯ ಕರ್ಣದ ಸಂಖ್ಯೆಗಳನ್ನು ಅದಲುಬದಲು ಮಾಡಿ, ಉಳಿದೆರಡರ ಚಿಹ್ನೆ ಬದಲಿಸಿ, ಎಲ್ಲವನ್ನೂ ನಿರ್ಧಾರಕದಿಂದ ಭಾಗಿಸಬೇಕು. ಇಲ್ಲಿ ವಿಲೋಮದ ಮೊದಲ ಅಡ್ಡಸಾಲು 9/32, −7/32. ಎರಡನೆಯದು −7/32, 9/32. ಆದ್ದರಿಂದ

ಕ್ಷ = (9 × 107 − 7 × 101) ÷ 32 = 256 ÷ 32 = 8
ಯ = (9 × 101 − 7 × 107) ÷ 32 = 160 ÷ 32 = 5

ತಾಳೆ: 72 + 35 = 107; 56 + 45 = 101.

ಮಹಾವೀರಾಚಾರ್ಯನ ಸೂತ್ರವೂ ಇದನ್ನೇ ಹೇಳುತ್ತದೆ: ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದಲೂ ಸಣ್ಣ ಮೊತ್ತವನ್ನು ಸಣ್ಣ ಸಂಖ್ಯೆಯಿಂದಲೂ ಗುಣಿಸಿ, ವ್ಯತ್ಯಾಸವನ್ನು ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸಬೇಕು. ಆ ವರ್ಗಾಂತರವೇ ಇಂದಿನ ನಿರ್ಧಾರಕ. ಆದರೆ ಮಾತೃಕೆಯ ಪರಿಕಲ್ಪನೆ ಅವನಲ್ಲಿಲ್ಲ. ವಿಲೋಮವನ್ನು ಒಳಗೊಂಡ ಮಾತೃಕಾ ಬೀಜಗಣಿತವನ್ನು ಆರ್ಥರ್ ಕೇಲಿ 1858ರಲ್ಲಿ ನಿರೂಪಿಸಿದನು.

ವಿಲೋಮವಿಲ್ಲದಿದ್ದಾಗ

ನಿರ್ಧಾರಕ ಸೊನ್ನೆಯಾದರೆ ವಿಲೋಮವಿರುವುದಿಲ್ಲ. ಎರಡನೆಯ ಸಮೀಕರಣ 18ಕ್ಷ + 14ಯ = 214 ಆಗಿದ್ದರೆ ಅದು ಮೊದಲನೆಯದರ ಇಮ್ಮಡಿಯಷ್ಟೇ; ಹೊಸ ಮಾಹಿತಿಯಿಲ್ಲದ ಕಾರಣ ಅಸಂಖ್ಯ ಪರಿಹಾರಗಳಿರುತ್ತವೆ. ಬಲಬದಿ 210 ಆಗಿದ್ದರೆ ಎರಡು ಹೇಳಿಕೆಗಳು ಪರಸ್ಪರ ವಿರುದ್ಧವಾಗಿ, ಪರಿಹಾರವೇ ಇರುವುದಿಲ್ಲ. ಹೀಗಾಗಿ ನಿರ್ಧಾರಕ ಸೊನ್ನೆಯಾದ ಮಾತ್ರಕ್ಕೆ 'ಪರಿಹಾರವಿಲ್ಲ' ಎಂದು ತೀರ್ಮಾನಿಸಲಾಗದು; ಎರಡು ಸಂದರ್ಭಗಳಲ್ಲಿ ಯಾವುದೆಂದು ಪರಿಶೀಲಿಸಬೇಕು.

ಉಪಯೋಗ ಮತ್ತು ಮಿತಿ

ಸಹಗುಣಕಗಳು ಬದಲಾಗದೆ ಮೊತ್ತಗಳು ಮಾತ್ರ ಬದಲಾದಾಗ ಈ ವಿಧಾನ ಅನುಕೂಲಕರ. ಮೇಲಿನ ಲೆಕ್ಕದಲ್ಲಿ ಮೊತ್ತಗಳು 117 ಮತ್ತು 123 ಆದರೆ, ಅದೇ ವಿಲೋಮದಿಂದ ಗುಣಿಸಿ 6 ಮತ್ತು 9 ಎಂಬ ಉತ್ತರಗಳನ್ನು ಪಡೆಯಬಹುದು. ಸಮೀಕರಣಗಳು ಬಹಳವಿದ್ದಾಗ, ಒಂದೇ ಬಾರಿ ಬಿಡಿಸುವುದಾದರೆ, ಗೌಸ್‌ನ ನಿರಸನ ವಿಧಾನಕ್ಕೆ ಬೇಕಾಗುವ ಗುಣಾಕಾರಗಳು ವಿಲೋಮವನ್ನು ಕಂಡುಹಿಡಿಯಲು ಬೇಕಾಗುವುದರ ಸುಮಾರು ಮೂರನೆಯ ಒಂದು ಭಾಗ. ಆದ್ದರಿಂದ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ನಿರಸನ ವಿಧಾನವನ್ನೇ ಬಳಸಲಾಗುತ್ತದೆ.