ಹಣಕ್ಕಾಗಿ ಆಡಿದ ಒಂದು ಋತು

ಫ್ರಾನ್ಸ್ ದೇಶದ ಸುಜಾನ್ ಲೆಂಗ್ಲೆನ್ ಎಂಬಾಕೆಯು ವಿಂಬಲ್ಡನ್ನಿನ ಸಿಂಗಲ್ಸ್ ಪಂದ್ಯಾವಳಿಯನ್ನು 6 ಬಾರಿ ಗೆದ್ದವಳು. ಆಕೆಯ ಟೆನ್ನಿಸ್ ಆಟವನ್ನು ನೋಡಲು ಸಹಸ್ರಾರು ಜನರು ಹಣ ತೆತ್ತು ಬರುತ್ತಿದ್ದರು. ಆ ಹಣವು ಸಂಘಗಳ ಪೆಟ್ಟಿಗೆಯನ್ನು ಸೇರುತ್ತಿದ್ದಿತು; ಆಡಿದವಳಿಗೆ ದೊರೆಯುತ್ತಿದ್ದುದು ಬೆಳ್ಳಿಯ ಬಟ್ಟಲು, ಚಪ್ಪಾಳೆ. ಬಟ್ಟಲಿನಿಂದ ಸಂಸಾರ ಸಾಗುವುದುಂಟೆ?

1926ನೆಯ ಇಸವಿಯಲ್ಲಿ ಅಮೆರಿಕದ ಪೈಲ್ ಎಂಬ ವ್ಯವಹಾರಚತುರನು 50,000 ಡಾಲರುಗಳನ್ನು ಕೊಡಲೊಪ್ಪಿ ಆಕೆಯನ್ನು ಪಂದ್ಯಗಳ ಸಂಚಾರಕ್ಕೆ ಕರೆದನು. ಅಕ್ಟೋಬರ್ 9ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸುಮಾರು 13,000 ಪ್ರೇಕ್ಷಕರು ನೆರೆದರು. ಎದುರಾಳಿಯು ಹಿಂದೆ 3 ಬಾರಿ ಅಮೆರಿಕದ ಚಾಂಪಿಯನ್ ಆಗಿದ್ದ, 35 ವರ್ಷದ ಮೇರಿ ಬ್ರೌನ್. ಲೆಂಗ್ಲೆನ್ 6–1, 6–1ರಿಂದ ಗೆದ್ದಳು. 1927ರ ಫೆಬ್ರವರಿಯವರೆಗೆ ಊರೂರಿನಲ್ಲಿ ಇದೇ ಕಥೆ. 38 ಪಂದ್ಯಗಳಲ್ಲಿಯೂ ಆಕೆಗೇ ಜಯ. ಸೋಲನ್ನರಿತೂ ಪ್ರತಿ ಸಂಜೆ ಬಲೆಯ ಆಚೆ ಬಂದು ನಿಂತ ಬ್ರೌನಳ ಧೈರ್ಯವು ಸಾಮಾನ್ಯವಾದುದಲ್ಲವೆಂದೇ ನಮ್ಮ ಎಣಿಕೆ.

ಹಣ ಪಡೆದವರಿಗೆ ವಿಂಬಲ್ಡನ್ ಚಾಂಪಿಯನ್‌ಷಿಪ್ಪಿನಲ್ಲಿ ಪ್ರವೇಶವಿರಲಿಲ್ಲ. ಲೆಂಗ್ಲೆನ್ ಮತ್ತೆ ಅಲ್ಲಿ ಆಡಲೇ ಇಲ್ಲ. 1938ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡಳು. ವೃತ್ತಿಗಾರರಿಗೆ ಆ ಬಾಗಿಲು ತೆರೆದುದು 1968ರಲ್ಲಿ. ಆ ವರ್ಷ ಗೆದ್ದ ಬಿಲ್ಲಿ ಜೀನ್ ಕಿಂಗಳಿಗೆ ಸಂದುದು 750 ಪೌಂಡು. ಪುರುಷರಲ್ಲಿ ಗೆದ್ದ ರಾಡ್ ಲೇವರನಿಗೆ 2,000.