ಗೋಕರ್ಣದ ಗಣಪತಿಯ ತಲೆಯ ಗಾಯ

ಎಂಟು ವರ್ಷದ ನನ್ನ ಮಗಳಿಗೆ ಹನ್ನೆರಡು ಜ್ಯೋತಿರ್ಲಿಂಗಗಳ ಹೆಸರೂ ಬಾಯಿಪಾಠ. ಸೋಮನಾಥದಿಂದ ತೊಡಗಿ ಘೃಷ್ಣೇಶ್ವರದವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾಳೆ. ಬಂದ ನೆಂಟರು ತಲೆದೂಗುತ್ತಾರೆ. ಸೋಮನಾಥವಿರುವುದು ಕಡಲ ತೀರದಲ್ಲೋ ಬೆಟ್ಟದ ಮೇಲೋ ಎಂದು ಒಮ್ಮೆ ಕೇಳಿದೆ. “ಅದು ಪಾಠದಲ್ಲಿಲ್ಲ” ಎಂದಳು. ತಪ್ಪು ಅವಳದಲ್ಲ, ಮಗ್ಗಿಯನ್ನು ಕಲಿಸುವಂತೆ ದೇವರನ್ನು ಕಲಿಸಿದವನು ನಾನೇ. ಆದುದರಿಂದ ಕಳೆದ ರಜೆಯಲ್ಲಿ ಅವಳನ್ನು ಗೋಕರ್ಣಕ್ಕೆ ಕರೆದೊಯ್ದೆ. ಅದು ಆ ಹನ್ನೆರಡರ ಪಟ್ಟಿಗೆ ಸೇರಿದುದಲ್ಲ. ಆದರೇನು? ಕಾಳಿದಾಸನ ನಾರದನು ವೀಣೆ ಹಿಡಿದು ಹೊರಟದ್ದು ಆ ಗೋಕರ್ಣದ ಶಿವನ ಸೇವೆಗೇ ಅಲ್ಲವೆ?

ಸ್ಥಳದ ಕಥೆಯನ್ನು ದಾರಿಯಲ್ಲಿಯೇ ಹೇಳಿದೆ. ತಾನು ಪೂಜಿಸುತ್ತಿದ್ದ ಮರಳಿನ ಲಿಂಗ ಕಡಲಪಾಲಾಯಿತೆಂದು ತಾಯಿ ಕೈಕಸಿ ಕೊರಗಿದಳು. ರಾವಣನು ಕೈಲಾಸಕ್ಕೆ ಹೋಗಿ, ತಪಸ್ಸು ಮಾಡಿ, ಶಿವನಿಂದ ಆತ್ಮಲಿಂಗವನ್ನೇ ಪಡೆದ. ಲಂಕೆ ಸೇರುವ ತನಕ ಅದನ್ನು ನೆಲಕ್ಕಿಡಬಾರದೆಂಬುದು ಕಟ್ಟಳೆ. ದೇವತೆಗಳಿಗೆ ದಿಗಿಲಾಯಿತು. ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡಿದ. ಸಂಜೆಯಾಯಿತೆಂದು ಬಗೆದ ರಾವಣ, ಸಂಧ್ಯಾವಂದನೆ ಮುಗಿಸಿ ಬರುವವರೆಗೆ ಲಿಂಗವನ್ನು ವಟುವೊಬ್ಬನ ಕೈಗೆ ಕೊಟ್ಟ. ಆ ವಟು ಗಣಪತಿ! ಮೂರು ಸಲ ಕೂಗುವೆ, ಬರದಿದ್ದರೆ ಇಳಿಸಿಬಿಡುವೆ ಎಂದವನು ಗಡಿಬಿಡಿಯಿಂದ ಕೂಗಿ ಇಳಿಸಿಯೇಬಿಟ್ಟ. ರಾವಣನ ಎಳೆತಕ್ಕೆ ಲಿಂಗವು ಹಸುವಿನ ಕಿವಿಯಂತೆ ತಿರುಚಿಕೊಂಡಿತಂತೆ. ಊರಿಗೆ ಆ ಹೆಸರು ಬಂದುದು ಹಾಗೆ. ಸಿಟ್ಟಿನಿಂದ ಅವನೆಸೆದ ಸಂಪುಟ, ಹೊದಿಕೆಗಳು ಬಿದ್ದೆಡೆಯೆಲ್ಲ ಧಾರೇಶ್ವರ, ಗುಣವಂತೇಶ್ವರ, ಮುರುಡೇಶ್ವರಗಳಾದವು ಎನ್ನುವಷ್ಟರಲ್ಲಿ ಉತ್ತರ ಕನ್ನಡದ ಕರಾವಳಿಯೇ ಮಗುವಿನ ಮುಂದೆ ಬಿಚ್ಚಿಕೊಂಡಿತು. ಭೂಗೋಳದ ಮೇಷ್ಟರುಗಳು ಕ್ಷಮಿಸಬೇಕು.

ಆದರೆ ಅವಳ ಮನಸ್ಸು ಬೇರೆ ಕಡೆ ಇತ್ತು. “ರಾವಣ ಅಮ್ಮನಿಗೋಸ್ಕರ ತಾನೇ ತಂದದ್ದು? ಸಂಧ್ಯಾವಂದನೆಗೆ ಹೋದವನಿಗೆ ಗಣಪತಿ ಮೋಸ ಮಾಡಬಹುದೆ?”

ನಾಗಚಂದ್ರನ ರಾವಣನಿಗಾಗಿ ಇಪ್ಪತ್ತು ವರ್ಷ ತರಗತಿಯಲ್ಲಿ ಮರುಗಿದ ನನಗೆ ಉತ್ತರ ಹೊಳೆಯಲಿಲ್ಲ. ಅವನು ರಾಕ್ಷಸ, ಸುಮ್ಮನಿರು ಎಂದುಬಿಡಬಹುದಿತ್ತು. ನಮ್ಮ ಮನೆಗಳಲ್ಲಿ ನಡೆಯುವುದು ಬಹುಮಟ್ಟಿಗೆ ಹಾಗೆಯೇ. ಏಕೋ ಅಂದು ನನಗೆ ಬಾಯಿ ಬರಲಿಲ್ಲ.

ಗೋಕರ್ಣದಲ್ಲಿ ಮಹಾಬಲೇಶ್ವರನಿಗಿಂತ ಮೊದಲು ಗಣಪತಿಯ ದರ್ಶನ ಮಾಡುವುದು ವಾಡಿಕೆ. ಎರಡೇ ಕೈಗಳ, ನಿಂತ ಶಿಲಾಮೂರ್ತಿ. ಅದರ ತಲೆಯಲ್ಲೊಂದು ತಗ್ಗು. ರಾವಣ ಗುದ್ದಿದ ಗುರುತೆಂದು ನಂಬಿಕೆ. ಅದನ್ನು ಹೇಳಿದೊಡನೆ ಮಗಳು ಕತ್ತು ಚಾಚಿ ಬಹಳ ಹೊತ್ತು ನೋಡಿದಳು.

“ಹಾಗಾದರೆ ಪೆಟ್ಟು ತಿಂದನೆ?”

“ತಿಂದ.”

“ಸರಿ” ಎಂದು ಕೈಮುಗಿದಳು.

ಆ ಪೆಟ್ಟಿನ ಕಥೆಯನ್ನು ನಮ್ಮ ಹಿರಿಯರು ಮರೆಸಿಬಿಡಬಹುದಿತ್ತು. ಮರೆಸಲಿಲ್ಲ. ರಾವಣನ ಸಿಟ್ಟನ್ನು ದೇವರ ತಲೆಯ ಮೇಲೆಯೇ ಉಳಿಸಿಕೊಂಡು, ಅದೇ ತಲೆಗೆ ನಿತ್ಯವೂ ಅಭಿಷೇಕ ಮಾಡುತ್ತ ಬಂದಿದ್ದಾರೆ. ಇಷ್ಟು ವರ್ಷ ಈ ಕಥೆಯನ್ನು ಬಲ್ಲೆನೆಂದುಕೊಂಡಿದ್ದ ನನಗೆ ಆ ತಗ್ಗು ಕಂಡದ್ದು ಅಂದೇ.

ಸಂಜೆ ಕಡಲ ದಂಡೆಯಲ್ಲಿ ಅವಳು ಮರಳು ಕೂಡಿಸಿ ಲಿಂಗವೊಂದನ್ನು ಮಾಡಿದಳು. ತೆರೆ ಬಂದು ಕೊಚ್ಚಿಕೊಂಡು ಹೋಯಿತು.

“ಆಮೇಲೆ ರಾವಣನ ಅಮ್ಮನಿಗೆ ಯಾರು ಲಿಂಗ ತಂದುಕೊಟ್ಟರು?”

ನಾನು ಓದಿದ ಕಥೆಗಳಲ್ಲಿ ಅದಿಲ್ಲ ಎಂದೆ. ಅವಳು ತುಸು ಹಿಂದೆ ಸರಿದು ಕುಳಿತು ಮತ್ತೆ ಮರಳು ಕೂಡಿಸತೊಡಗಿದಳು.