ಅಜ್ಜಿಯ ಕೋಡೊಲೆ, ಯಲಹಂಕದ ಕರೆಂಟು

ಕುಂದಗೋಳ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಜಿಲ್ಲೆಯ ಹೊಲಗಳಡಿ ಗ್ಯಾಸಿನ ಪೈಪು ಹೋಗಿದೆ. ಅದರ ಕಾವಿಗೆ ಜೋಳದ ಬೇರು ಸುಡುತ್ತದೆ ಅಂತಾರೆ, ಖರೇನ್ರಿ? ಆ ಗ್ಯಾಸಿನಿಂದ ಕರೆಂಟು ಹೆಂಗ ಮಾಡತಾರ?’

ಬೇರು ಸುಡುವುದಿಲ್ಲ. ಗಾಳಿ ಸೇರದೆ ಆ ಗ್ಯಾಸು, ಅಂದರೆ ಮಿಥೇನ್, ಹೊತ್ತಿಕೊಳ್ಳುವುದೇ ಇಲ್ಲ. ಪೈಪಿನೊಳಗೆ ಬೆಂಕಿ ಎಲ್ಲಿಂದ ಬರಬೇಕು? ಮಳೆ ಕೈಕೊಟ್ಟು ಎರೆಹೊಲ ಬಿರಿದರೆ ಪೈಪಿನ ಮೇಲೆ ಗೂಬೆ ಕೂರಿಸಬೇಡಿ. ಊರ ಹಿರಿಯರೇ ಹೇಳಿದರೂ ಸುಳ್ಳು ಸುಳ್ಳೇ.

ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಗೇಲ್ ಕಂಪನಿ ಎಳೆದ ಈ ಕೊಳವೆ 2013ರಲ್ಲಿ ಶುರುವಾಯಿತು. ದಾಭೋಳಕ್ಕೆ ಅನಿಲ ಬರುವುದು ಹಡಗಿನಲ್ಲಿ, ಮೈನಸ್ 162 ಡಿಗ್ರಿಗೆ ತಣಿದು, ದ್ರವವಾಗಿ, ಆರುನೂರರಲ್ಲೊಂದು ಪಾಲಿಗೆ ಕುಗ್ಗಿ. ಕೊಳವೆಯ ಬೆಂಗಳೂರು ತುದಿಯಲ್ಲಿ, ಯಲಹಂಕದಲ್ಲಿ, ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಸ್ಥಾವರವಿದೆ. ಮೊದಲು ಅಲ್ಲಿ ಡೀಸೆಲ್ ಎಂಜಿನ್‌ಗಳು ಗುಡುಗುತ್ತಿದ್ದವು. ಅನಿಲ ಸ್ಥಾವರ ಉದ್ಘಾಟನೆಯಾದದ್ದು 2024ರಲ್ಲಿ.

ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸಿ ನೀರು ಕುದಿಸುವಂತೆ ಇಲ್ಲಿ ಗ್ಯಾಸು ಉರಿಸುತ್ತಾರೆ ಎಂದು ಓದಿದವರೂ ತಿಳಿದಿದ್ದಾರೆ. ಹಾಗಲ್ಲ. ಒತ್ತಿ ತುಂಬಿದ ಗಾಳಿಯಲ್ಲಿ ಅನಿಲ ಉರಿದಾಗ ಏಳುವ ಬಿರುಗಾಳಿಯೇ ಟರ್ಬೈನಿನ ರೆಕ್ಕೆಗಳನ್ನು ತಿರುಗಿಸುತ್ತದೆ. ವಿಮಾನದ ಜೆಟ್ ಎಂಜಿನ್ನಿನ ಒಡಹುಟ್ಟು ಇದು. ನನ್ನನ್ನು ಮರುಳು ಮಾಡಿದ್ದು ಮಾತ್ರ ಮುಂದಿನ ಸಂಗತಿ. ಅಷ್ಟು ದುಡಿದು ಹೊರಬಿದ್ದ ಗಾಳಿ ಇನ್ನೂ ಸುಮಾರು 600 ಡಿಗ್ರಿ ಬಿಸಿ ಇರುತ್ತದೆ!

ಕಲಘಟಗಿಯಲ್ಲಿದ್ದ ನಮ್ಮಜ್ಜಿಯ ಅಡಿಗೆಮನೆ ನೆನಪಾಗುತ್ತದೆ. ಮಣ್ಣಿನ ಒಲೆಯ ಮೇಲೆ ಹಂಚು, ಹಂಚಿನ ಮೇಲೆ ಉಬ್ಬುವ ರೊಟ್ಟಿ. ಪಕ್ಕದಲ್ಲಿ ಕೋಡೊಲೆ. ಅದರ ಬಾಯಿಗೆ ಒಂದು ಕಟಿಗಿಯನ್ನೂ ಅಜ್ಜಿ ಇಟ್ಟವಳಲ್ಲ. ಹಂಚಿನಡಿಯ ಉರಿ ಒಳಗಿನ ಕಿಂಡಿಯಿಂದ ನುಸುಳಿ ಬರುತ್ತಿತ್ತು. ರೊಟ್ಟಿ ಮುಗಿಯುವ ಹೊತ್ತಿಗೆ ಅಲ್ಲಿ ಬ್ಯಾಳಿ ಬೆಂದಿರುತ್ತಿತ್ತು. ಆಮೇಲೆ ಹಾಲು ಇಟ್ಟರೆ ಬೂದಿ ಆರುವವರೆಗೂ ಕಾದು, ದಪ್ಪ ಕೆನೆ ಕಟ್ಟುತ್ತಿತ್ತು.

ಯಲಹಂಕದಲ್ಲೂ ಒಂದು ಕೋಡೊಲೆ ಇದೆ. ಹೊರಬಿದ್ದ ಬಿಸಿಗಾಳಿಯನ್ನು ನೀರಿನ ಕೊಳವೆಗಳ ಕಾಡಿನೊಳಗೆ ಹಾಯಿಸುತ್ತಾರೆ. ಎದ್ದ ಹಬೆ ಎರಡನೆಯ ಟರ್ಬೈನನ್ನು ತಿರುಗಿಸುತ್ತದೆ. ಮೊದಲನೆಯದರ ಪಾಲು ಸುಮಾರು 236 ಮೆಗಾವಾಟ್, ಕೋಡೊಲೆಯ ಪಾಲು 133! ಅದಕ್ಕೆಂದು ಹೆಚ್ಚುವರಿ ಅನಿಲ ಸುಡುವುದಿಲ್ಲ. ಹಳೆಯ ಕಲ್ಲಿದ್ದಲು ಸ್ಥಾವರಗಳು ಇಂಧನದ ಮೂರನೇ ಒಂದು ಪಾಲನ್ನು ವಿದ್ಯುತ್ತಾಗಿಸಿದರೆ, ಇಂಥ ಜೋಡಿ ಯಂತ್ರಗಳು ಅರ್ಧಕ್ಕೂ ಹೆಚ್ಚು ದಕ್ಕಿಸಿಕೊಳ್ಳುತ್ತವೆ. ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡೂ ಯೂನಿಟ್ಟಿಗೆ ಅರ್ಧದಷ್ಟೇ. ಸಂಜೆ ಬಿಸಿಲು ಇಳಿದು, ಗದಗದ ಗಾಳಿಯಂತ್ರಗಳೂ ನಿಂತಾಗ ಬೇಗ ಕೈಗೆ ಬರುವ ಯಂತ್ರವಿದು. ಆದರೆ ಅನಿಲ ವಿದೇಶದ್ದು, ದುಬಾರಿ. ಸೋರಿದ ಮಿಥೇನ್ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡನ್ನೂ ಮೀರಿಸುತ್ತದೆ. ಆದ್ದರಿಂದ ಒಂದು ಹನಿಯೂ ಪೋಲಾಗದಂತೆ ಬಳಸುವ ಯಂತ್ರವೇ ನಮಗೆ ಬೇಕು.

ಕುಂದಗೋಳದ ಗೆಳೆಯರೇ, ಪೈಪಿನ ಮೇಲೆ ಜೋಳ, ಕಡಲೆ, ಹತ್ತಿ ಧೈರ್ಯವಾಗಿ ಬೆಳೆಯಿರಿ. ಆದರೆ ಅದರ ಪಟ್ಟಿಯಲ್ಲಿ ಬಾವಿ ತೋಡುವುದು, ಮನೆ ಕಟ್ಟುವುದು, ಮರ ನೆಡುವುದು 1962ರ ಪೈಪ್‌ಲೈನ್ ಕಾನೂನಿನಂತೆ ನಿಷಿದ್ಧ. ಕೃಷಿಹೊಂಡಕ್ಕೆ ಜೆಸಿಬಿ ಕರೆಸುವ ಮುನ್ನ ಹೊಲದಲ್ಲಿರುವ ಗುರುತಿನ ಕಂಬ ನೋಡಿ, ಅದರ ಮೇಲಿನ ನಂಬರಿಗೆ ಫೋನ್ ಮಾಡಿ.